ಜಾವಾ ಕಳೆದುಕೊಂಡ ಪಿಕಳಾರ

ಪಿಕಳಾರ ಅಂದ ಕೂಡಲೇ ನಮಗೆ ನೆನಪಾಗುವುದು ಕಪ್ಪು ಜುಟ್ಟಿನ, ಕೆನ್ನೆಯಲ್ಲಿ ಕೆಂಪು ಚುಕ್ಕೆಯ ಹಿತ್ತಲ ಹಕ್ಕಿ. ಇದೇ ಬುಲ್‌ಬುಲ್ ಕುಟುಂಬದ ದೊಡ್ಡಣ್ಣನೊಬ್ಬ ಸುಮಾತ್ರಾ, ಜಾವಾ, ಬೋರ್ನಿಯೊ ದ್ವೀಪಗಳ ತಗ್ಗು ಕಾಡುಗಳವನು. ಮಲಯ ಪರ್ಯಾಯ ದ್ವೀಪದಲ್ಲೂ ಅವನ ನೆಲೆಯಿದೆ. ಇಂಗ್ಲಿಷಿನಲ್ಲಿ ಸ್ಟ್ರಾ-ಹೆಡೆಡ್ ಬುಲ್‌ಬುಲ್, ಇಂಡೋನೇಷ್ಯಾದವರ ಬಾಯಲ್ಲಿ ಚುಚಕ್ ರಾವಾ. ಉದ್ದ ಸುಮಾರು 29 ಸೆಂಟಿಮೀಟರ್, ಅಂದರೆ ನಮ್ಮ ಮೈನಾಕ್ಕಿಂತ ಜಾಸ್ತಿ. ತಲೆಗೆ ಒಣಗಿದ ಭತ್ತದ ಹುಲ್ಲಿನ ಹೊಂಬಣ್ಣ, ಕಣ್ಣಿನ ಹತ್ತಿರ ಒಂದು ಕಪ್ಪು ಗೆರೆ, ಗಲ್ಲದ ಪಕ್ಕ ಮೀಸೆಯಂಥ ಇನ್ನೊಂದು.

ವೈಜ್ಞಾನಿಕ ಹೆಸರಿನಲ್ಲಿ ಒಂದು ತಪ್ಪು ಹಾಗೇ ಉಳಿದುಕೊಂಡಿದೆ. 1789ರಲ್ಲಿ ಜರ್ಮನ್ ನಿಸರ್ಗ ವಿಜ್ಞಾನಿ ಗ್ಮೆಲಿನ್ ಇದಕ್ಕೆ 'ಝೆಯ್ಲಾನಿಕಸ್' ಎಂದು ಹೆಸರಿಟ್ಟರು. ಸಿಲೋನಿನದು ಎಂದರ್ಥ. ಶ್ರೀಲಂಕಾದಲ್ಲಿ ಈ ಹಕ್ಕಿ ಇಲ್ಲವೇ ಇಲ್ಲ.

ಇದರ ಹೆಸರು ದೇಶದಿಂದ ದೇಶಕ್ಕೆ ಹಬ್ಬಿದ್ದು ದನಿಯಿಂದ. ಗಟ್ಟಿಯಾದ, ತುಂಬಿದ, ಕೊಳಲಿನಂತೆ ಉರುಳುವ ಸ್ವರ. ಒಂದು ಶುರು ಮಾಡಿದರೆ ಜೊತೆಯ ಹಕ್ಕಿಯೂ ದನಿಗೂಡಿಸುತ್ತದೆ. ವಾಸ ಹೆಚ್ಚಾಗಿ ಹೊಳೆದಂಡೆಯಲ್ಲಿ, ಕಾಡಿನ ಅಂಚಿನಲ್ಲಿ. ಇದಕ್ಕೆ ಮುಳುವಾಗಿದ್ದೂ ಇವೇ. ಗಟ್ಟಿಯಾಗಿ ಹಾಡುವುದರಿಂದ ಎಲ್ಲಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಹೊಳೆಯ ಪಕ್ಕದಲ್ಲೇ ಇರುವುದರಿಂದ ದೋಣಿಯಲ್ಲಿ ಹೋದವರ ಕೈಗೆ ಸುಲಭವಾಗಿ ಸಿಗುತ್ತದೆ.

ಹಿಡಿಯುವುದು ಯಾಕೆ ಅಂತ ತಿಳಿಯಲು ಜಾವಾದ ಒಂದು ಹಳೆಯ ಮಾತನ್ನು ಕೇಳಬೇಕು. ಗಂಡಸಿನ ಬಾಳು ತುಂಬಬೇಕಾದರೆ ಐದು ಬೇಕಂತೆ: ವಿಸ್ಮ, ವನಿತ, ತುರಂಗ, ಚುರಿಗ, ಕುಕಿಲ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ, ಅಲ್ವಾ? ಮನೆ, ಹೆಂಡತಿ, ಕುದುರೆ, ಚೂರಿ, ಕೊನೆಗೆ ಕೋಕಿಲ. ಸಂಸ್ಕೃತದ ಕೋಕಿಲ ಅಲ್ಲಿಗೆ ಹೋಗಿ ಕುಕಿಲವಾಯಿತು. ಈ ಮಾತಿನಲ್ಲಿ ಅದು ಕೋಗಿಲೆ ಅಲ್ಲ, ಮನೆಯಲ್ಲಿ ಸಾಕುವ ಹಾಡುಹಕ್ಕಿ. ಅದು ಸುಮ್ನೆ ಶೋಕಿಯಲ್ಲ, ಮನೆತನದ ಮರ್ಯಾದೆ. ಹಾಡಿನ ಪಂದ್ಯಗಳೂ ನಡೆಯುತ್ತವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಜಾವಾದ ಮೂರರಲ್ಲಿ ಒಂದು ಮನೆಯಲ್ಲಿ ಪಂಜರದ ಹಕ್ಕಿ ಇದೆ. ಒಟ್ಟು 6.6 ಕೋಟಿಯಿಂದ 8.4 ಕೋಟಿ ಹಕ್ಕಿಗಳು.

ಅವರ ಪ್ರೀತಿ ನಿಜವಾದದ್ದೇ, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಪ್ರೀತಿಗೆ ಹಕ್ಕಿ ಬರುವುದು ಕಾಡಿನಿಂದ. ಜಾವಾದ ಕಾಡುಗಳಲ್ಲಿ ಈಗ ಚುಚಕ್ ರಾವಾ ಇಲ್ಲ. ಥಾಯ್ಲೆಂಡಿನಿಂದಲೂ ಹೋಯಿತು. ಬೋರ್ನಿಯೊದಲ್ಲಿ ರಸ್ತೆಯಿಂದ, ದೊಡ್ಡ ಹೊಳೆಗಳಿಂದ ದೂರದ ಒಳನಾಡಿನಲ್ಲಿ ಮಾತ್ರ ಅಷ್ಟಿಷ್ಟು ಉಳಿದಿದೆ. ತಗ್ಗು ಕಾಡು ಕಡಿದದ್ದೂ ಪೆಟ್ಟು ಕೊಟ್ಟಿದೆ, ನಿಜ. ಆದರೆ ಮರಗಳು ಹಾಗೇ ನಿಂತಿರುವ ಕಡೆಯಲ್ಲೂ ಹಕ್ಕಿ ಕಾಣುವುದಿಲ್ಲ. ನನಗೆ ತುಂಬ ನೋವಾಗುವುದು ಇದಕ್ಕೇ. ಹಣ್ಣಿದೆ, ನೀರಿದೆ, ನೆರಳಿದೆ, ಹಾಡುವವರಿಲ್ಲ.

2018ರಲ್ಲಿ ಇದು ಅಳಿವಿನಂಚಿನ ಹಕ್ಕಿಗಳ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ವರ್ಗಕ್ಕೆ ಸೇರಿತು. ಇಂಡೋನೇಷ್ಯಾ ಅದೇ ವರ್ಷ ಇದನ್ನು ರಕ್ಷಿತ ಹಕ್ಕಿಗಳ ಪಟ್ಟಿಗೆ ಸೇರಿಸಿತು. ಹಕ್ಕಿ ಸಾಕುವವರು ಪ್ರತಿಭಟಿಸಿದರು, ಸರ್ಕಾರ ಮತ್ತೆ ಕೈಬಿಟ್ಟಿತು. ಅಪಾಯದಲ್ಲಿರುವ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ ಸೈಟಿಸ್. 2022ರಲ್ಲಿ ಪನಾಮಾದಲ್ಲಿ ಸೇರಿದ ಅದರ ಸಭೆ ಇದನ್ನು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಏರಿಸಿತು. ಕಾಡಿನಿಂದ ಹಿಡಿದ ಹಕ್ಕಿಯನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಒಂದೇ ದೇಶದೊಳಗಿನ ಸಂತೆಗೆ ಆ ನಿಯಮ ತಟ್ಟುವುದಿಲ್ಲ.

ಇಷ್ಟಾದ ಮೇಲೆ ಈ ಹಕ್ಕಿ ಗಟ್ಟಿಯಾಗಿ ನೆಲೆನಿಂತಿರುವುದು ಯಾರೂ ನಿರೀಕ್ಷಿಸದ ಜಾಗದಲ್ಲಿ. ಅದು ಸಿಂಗಪುರ! ಮುಗಿಲೆತ್ತರದ ಕಟ್ಟಡಗಳ ಆ ಪುಟ್ಟ ದೇಶದಲ್ಲಿ ಕೆಲವು ನೂರು ಹಕ್ಕಿಗಳಿವೆ. ಅದರಲ್ಲೂ ಪುಲಾವ್ ಉಬಿನ್ ಎಂಬ ಹತ್ತು ಚದರ ಕಿಲೋಮೀಟರಿನ ದ್ವೀಪದಲ್ಲಿ ಹೆಚ್ಚು. ಅದು ಹಿಂದೆ ಗ್ರಾನೈಟ್ ಕಲ್ಲು ತೆಗೆಯುತ್ತಿದ್ದ ಜಾಗ. ಪಾಳುಬಿದ್ದ ರಬ್ಬರ್ ತೋಟಗಳಲ್ಲಿ ಕಾಡು ತಾನಾಗಿ ಮತ್ತೆ ಬೆಳೆದಿದೆ. ಹಳೆಯ ದಟ್ಟಡವಿಯೇ ಬೇಕು ಅಂತ ಈ ಹಕ್ಕಿಗೆ ಹಟವಿಲ್ಲ. ಹಿಡಿಯುವವರು ಇರಬಾರದು, ಅಷ್ಟೇ.

ಸಿಂಗಪುರದಲ್ಲಿ ಕನ್ನಡಿಗರು ಸಾಕಷ್ಟು ಜನ ಇದ್ದೀರಿ. ಒಂದು ಭಾನುವಾರ ಬೇಗ ಎದ್ದು, ಚಾಂಗಿ ಪಾಯಿಂಟ್‌ನಿಂದ ದೋಣಿ ಹತ್ತಿ ಉಬಿನ್‌ಗೆ ಹೋಗಿ. ಬಿಸಿಲೇರುವ ಮೊದಲು ಮರಗಳ ಅಂಚಿನಲ್ಲಿ ಸ್ವಲ್ಪ ಹೊತ್ತು ಮಾತಾಡದೆ ನಿಲ್ಲಿ. ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕೇಳಿಸಬಹುದು.