ರಕ್ತಸ್ರಾವದ ಪಾಠ ಮೊದಲು ಪೆಟ್ಟಿಗೆಯಲ್ಲಾಗಲಿ

ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ, ಉಪಕರಣ ತೂರಿಸಿ, ಪಿತ್ತಕೋಶ ತೆಗೆಯಲು ಕಲಿತ ವೈದ್ಯರೆಲ್ಲ ಯಕೃತ್ತಿಗೂ ಕೈ ಹಾಕಬಲ್ಲರು ಎಂದುಕೊಳ್ಳಬೇಡಿ. ಯಕೃತ್ತಿನೊಳಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದನ್ನು ಹೊರಗೊಯ್ಯುವ ಅಭಿಧಮನಿಗಳ ಗೋಡೆ ತೀರಾ ತೆಳು. ಹೊಟ್ಟೆ ತೆರೆದು ಮಾಡುವಾಗ ಸೋರುವ ಕಡೆ ಬೆರಳಿಟ್ಟು ಒತ್ತಿ ಹಿಡಿಯಬಹುದು. ಲ್ಯಾಪರೊಸ್ಕೋಪಿಯಲ್ಲಿ ಬೆರಳು ಹೊರಗೆ, ರಕ್ತ ಒಳಗೆ. ಕ್ಯಾಮೆರಾಕ್ಕೆ ನಾಲ್ಕು ಹನಿ ಸಿಡಿದರೆ ಪರದೆಯೆಲ್ಲ ಕೆಂಪು.

ಹುಬ್ಬಳ್ಳಿ, ಮಂಗಳೂರುಗಳಿಂದ ಮುಂಬಯಿಗೆ ತರಬೇತಿಗೆ ಬರುವ ಕಿರಿಯ ವೈದ್ಯರನ್ನು ಮೊದಲು ಕೂರಿಸುವುದು ಅಭ್ಯಾಸಕ್ಕೆಂದೇ ಮಾಡಿದ, ರಂಧ್ರಗಳಿಂದ ಉಪಕರಣ ತೂರಿಸುವ ಪ್ಲಾಸ್ಟಿಕ್ ಪೆಟ್ಟಿಗೆಯ ಮುಂದೆ. ಕೈ ಬಲಕ್ಕೆ ಹೋದರೆ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ, ಪರದೆಯಲ್ಲಿ ಆಳ ತಿಳಿಯುವುದಿಲ್ಲ. ರಬ್ಬರ್ ಉಂಗುರ ಸಾಗಿಸಿ, ಗಂಟು ಹಾಕಿ ಇದನ್ನು ಪಳಗಿಸಿಕೊಳ್ಳಬೇಕು. ಇಂಥ ಅಭ್ಯಾಸ ಫಲ ಕೊಡುತ್ತದೆಯೇ ಎಂಬ ಅನುಮಾನ ಹಳೆಯದು. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನದಲ್ಲಿ, ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಪಳಗಿದವರು ಪಿತ್ತಕೋಶವನ್ನು ಶೇ. 29ರಷ್ಟು ಬೇಗ ಬಿಡಿಸಿದರು, ತಪ್ಪುಗಳೂ ಕಡಿಮೆಯಾದವು. ಆದರೆ ಅಲ್ಲಿದ್ದವರು 16 ಮಂದಿ ಮಾತ್ರ, ಅಂಗವೂ ಪಿತ್ತಕೋಶ.

ಕಂಪ್ಯೂಟರ್ ಸಿಮ್ಯುಲೇಟರ್ ಬೇಡವೆನ್ನುವವನು ನಾನಲ್ಲ. ರೋಗಿಯ ಸಿ.ಟಿ. ಚಿತ್ರದಿಂದ ರಕ್ತನಾಳಗಳ ನಕ್ಷೆ ಕಟ್ಟಿ, ಎಲ್ಲಿ ಕೊಯ್ಯಬೇಕೆಂದು ಮೊದಲೇ ಯೋಚಿಸಲು ಅದು ಒಳ್ಳೆಯ ಸಾಧನ. ಆದರೆ ಪುಡಿಪುಡಿಯಾಗುವ ಯಕೃತ್ತಿನ ಹದ ಅದರಲ್ಲಿ ಕೈಗೆ ಸಿಗುವುದಿಲ್ಲ. ಮುಂಬಯಿಯ ಮಾಹಿಮ್‌ನ ಮಟನ್ ಅಂಗಡಿಯಿಂದ ತಂದ ಆಡಿನ ಕಲೇಜಿಗೆ, ಅಂದರೆ ಯಕೃತ್ತಿಗೆ, ಕೆಂಪು ನೀರು ಪಂಪ್ ಮಾಡಿದರೆ ಸಿಗುತ್ತದೆ. (ನಾಳಗಳನ್ನು ಬುಡದಲ್ಲೇ ಕತ್ತರಿಸಬೇಡಿ ಎಂದು ಅಂಗಡಿಯವರಿಗೆ ಮುಂಚೆಯೇ ಹೇಳಿರಬೇಕು, ಇಲ್ಲವಾದರೆ ಪಂಪ್ ಜೋಡಿಸಲು ಜಾಗವೇ ಇರುವುದಿಲ್ಲ.) ದುಬಾರಿ ಯಂತ್ರ ಕೊಂಡು ಉದ್ಘಾಟನೆಯ ಫೋಟೋ ತೆಗೆಸಿಕೊಳ್ಳುವ ಆಸ್ಪತ್ರೆಗಳು ಇಷ್ಟಕ್ಕೆ ಸಮಯ ಕೊಟ್ಟರೆ ಸಾಕು.

ಈ ಅಭ್ಯಾಸದಲ್ಲಿ ಕಲಿಸಬೇಕಾದದ್ದು ಕೊಯ್ಯುವುದನ್ನಲ್ಲ, ರಕ್ತ ಚಿಮ್ಮಿದ ಮೇಲಿನ ನಿಮಿಷಗಳನ್ನು. ಗಾಬರಿಯಿಂದ ಕ್ಲಿಪ್ ಹಾಕುತ್ತಾ ಹೋದರೆ ಸಣ್ಣ ಸೀಳು ದೊಡ್ಡದಾಗುತ್ತದೆ. ಗಾಜ್ ಬಟ್ಟೆ ಒತ್ತಿ ಹಿಡಿಯಬೇಕು, ಅರಿವಳಿಕೆ ತಜ್ಞರಿಗೆ ಹೇಳಬೇಕು, ಯಕೃತ್ತಿಗೆ ರಕ್ತ ತರುವ ನಾಳಗಳನ್ನು ಬಿಗಿಯಬೇಕು. ಗ್ಲಾಸ್ಗೋದ ಶಸ್ತ್ರವೈದ್ಯ ಪ್ರಿಂಗಲ್ 1908ರಲ್ಲಿ ವಿವರಿಸಿದ ಈ ಉಪಾಯವನ್ನು ಈಗಲೂ ಬಳಸುತ್ತೇವೆ: ಸಾಮಾನ್ಯವಾಗಿ 15 ನಿಮಿಷ ಬಿಗಿ, 5 ನಿಮಿಷ ಸಡಿಲ. ರಕ್ತ ಹೊರಗೊಯ್ಯುವ ಅಭಿಧಮನಿಯೇ ಸೀಳಿದ್ದರೆ ಇದರಿಂದ ರಕ್ತ ಪೂರ್ತಿ ನಿಲ್ಲುವುದಿಲ್ಲ, ಅದನ್ನೂ ಅಭ್ಯಾಸದಲ್ಲೇ ಕಾಣಬೇಕು.

ಕೆಲವು ಸಲ ಆ ಕಲೇಜಿಯಲ್ಲಿ, ರಂಧ್ರದಿಂದ ರಕ್ತ ನಿಲ್ಲಿಸಲಾಗದಂಥ ಗಾಯ ಮಾಡಿಟ್ಟು ಕೊಡುತ್ತೇನೆ. "ಸರ್, ಹೊಟ್ಟೆ ತೆರೆಯೋಣ" ಎಂದು ಬೇಗ ಹೇಳಿದವರಿಗೆ ಪೂರ್ಣ ಅಂಕ. ಅಂಥವರಿಗೇ ನಿಜವಾದ ರೋಗಿಯಲ್ಲಿ (ಯಕೃತ್ತನ್ನು ನಾವು ಎಂಟು ಭಾಗಗಳಾಗಿ ಎಣಿಸುತ್ತೇವೆ) ಎಡತುದಿಯ 2 ಮತ್ತು 3ನೇ ಭಾಗಗಳನ್ನು, ಹಿರಿಯರು ಪಕ್ಕದಲ್ಲಿದ್ದು, ಮೊದಲು ತೆಗೆಯಲು ಕೊಡುತ್ತೇವೆ. ವಪೆಯ ಕೆಳಗೆ ಅಡಗಿರುವ 7 ಮತ್ತು 8ರ ಸರದಿ ಬಹಳ ತಡವಾಗಿ ಬರುತ್ತದೆ.