ಬಾಲದಿಂದ ಎಣಿಸಿದರೆ ಕುಲ ತಿಳಿಯುತ್ತದೆ

ಕಡಲೆಕಾಯಿ ಎಣ್ಣೆಯ ಮೇಲೆ ಒಂದು ಸುಳ್ಳು ಆರೋಪ ಸುತ್ತುತ್ತಲೇ ಇದೆ. ಅದರಲ್ಲಿ ‘ಅರಾಕಿಡೋನಿಕ್ ಆಮ್ಲ’ ತುಂಬಿದೆಯಂತೆ, ಅದು ಮೈಯಲ್ಲಿ ಉರಿಯೂತ ಎಬ್ಬಿಸುತ್ತದಂತೆ, ಮಂಡಿನೋವಿನವರು ಶೇಂಗಾ ಎಣ್ಣೆ ಬಿಟ್ಟುಬಿಡಬೇಕಂತೆ. ಹೇಳುವವರು ಆಧಾರವಾಗಿ ಹೆಸರನ್ನೇ ತೋರಿಸುತ್ತಾರೆ: ಶೇಂಗಾ ಗಿಡದ ಸಸ್ಯಶಾಸ್ತ್ರೀಯ ಹೆಸರು ಅರಾಕಿಸ್ ಹೈಪೋಜಿಯಾ, ಆಮ್ಲದ ಹೆಸರು ಅರಾಕಿಡೋನಿಕ್, ಇನ್ನೇನು ಬೇಕು? ಆದರೆ ಕಡಲೆಕಾಯಿ ಎಣ್ಣೆಯಲ್ಲಿ ಅರಾಕಿಡೋನಿಕ್ ಆಮ್ಲ ಇಲ್ಲ. ಅದಿರುವುದು ಮೊಟ್ಟೆಯಲ್ಲಿ, ಮಾಂಸದಲ್ಲಿ, ನಮ್ಮದೇ ಜೀವಕೋಶಗಳ ಪೊರೆಯಲ್ಲಿ. ಕಡಲೆಕಾಯಿಯಲ್ಲಿ ಒಂದಿಷ್ಟು ಇರುವುದು ಅರಾಕಿಡಿಕ್ ಆಮ್ಲ. ಎರಡರಲ್ಲೂ ಇಂಗಾಲದ 20 ಪರಮಾಣುಗಳಿವೆ. ಅರಾಕಿಡಿಕ್‌ನಲ್ಲಿ ದ್ವಿಬಂಧವೇ (ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ) ಇಲ್ಲ, ಅರಾಕಿಡೋನಿಕ್‌ನಲ್ಲಿ ನಾಲ್ಕಿವೆ. ಆ ನಾಲ್ಕಕ್ಕೂ ಜಲಜನಕ ತುಂಬಿಸಿದರೆ ಎರಡನೆಯದು ಮೊದಲನೆಯದಾಗುತ್ತದೆ. ಅವುಗಳ ನಂಟು ಅಷ್ಟೇ. ಒಂದು ಅಕ್ಷರದ ಏರುಪೇರಿನಿಂದ ನಮ್ಮ ಬಯಲುಸೀಮೆಯ ಬೆಳೆಯೊಂದಕ್ಕೆ ಕೆಟ್ಟ ಹೆಸರು ಬರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಈ ಗೊಂದಲದ ಬೇರು ಎರಡು ಶತಮಾನ ಹಿಂದಕ್ಕೆ ಹೋಗುತ್ತದೆ. 1811ರ ಸುಮಾರಿಗೆ ಪ್ಯಾರಿಸ್ಸಿನ ಯುವ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರೂಲ್ ಹಂದಿಕೊಬ್ಬಿನಿಂದ ಮಾಡಿದ ಸಾಬೂನನ್ನು ಪರೀಕ್ಷೆಗೆ ಎತ್ತಿಕೊಂಡರು. ಸಾಬೂನಿಗೆ ಆಮ್ಲ ಹಾಕಿ ಒಡೆದಾಗ ಮುತ್ತಿನಂತೆ ಹೊಳೆಯುವ ಹರಳುಗಳು ಬೇರೆಯಾದವು. ಕೊಬ್ಬು ಎಂಬುದು ಒಂದೇ ವಸ್ತುವಲ್ಲ, ಗ್ಲಿಸರಿನ್‌ಗೆ ಅಂಟಿಕೊಂಡ ಹಲವು ಆಮ್ಲಗಳ ಕೂಟ ಎಂದು ಹನ್ನೆರಡು ವರ್ಷದ ದುಡಿಮೆಯಲ್ಲಿ ತೋರಿಸಿ, 1823ರಲ್ಲಿ ಅವರು ದೊಡ್ಡ ಗ್ರಂಥವನ್ನೇ ಹೊರತಂದರು. ಸಿಕ್ಕ ಆಮ್ಲಗಳಿಗೆ ಹೆಸರು ಬೇಕಲ್ಲ? ಎಲ್ಲಿ ಸಿಕ್ಕಿತೋ, ಹೇಗೆ ಕಂಡಿತೋ ಅದೇ ಹೆಸರು. ಬೆಣ್ಣೆಯಲ್ಲಿ ಸಿಕ್ಕಿದ್ದು ಬ್ಯುಟಿರಿಕ್. ಗಟ್ಟಿ ಕೊಬ್ಬಿನದು ಸ್ಟಿಯರಿಕ್. ಎಣ್ಣೆಯಂತೆ ಹರಿಯುವುದು ಓಲಿಯಿಕ್. ಮುತ್ತಿನ ಹೊಳಪಿನ ಹರಳಿಗೆ, ಗ್ರೀಕರ ಮುತ್ತಿನ ಹೆಸರು ಹಿಡಿದು, ಮಾರ್ಗರಿಕ್.

ಈ ಮಾರ್ಗರಿಕ್ ಆಮ್ಲದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1850ರ ದಶಕದಲ್ಲಿ ಜರ್ಮನಿಯ ಹೈನ್ಟ್ಸ್ ಅದನ್ನು ಮತ್ತೆ ಮತ್ತೆ ಶುದ್ಧಮಾಡಿ ನೋಡಿದರೆ ಅದು ಒಂದು ಆಮ್ಲವೇ ಅಲ್ಲ, ಪಾಮಿಟಿಕ್ ಮತ್ತು ಸ್ಟಿಯರಿಕ್ ಎರಡರ ಮಿಶ್ರಣ! ಅಷ್ಟರಲ್ಲಿ ಹೆಸರು ಬೇರೂರಿತ್ತು. 1869ರಲ್ಲಿ ಬೆಣ್ಣೆಗೆ ಅಗ್ಗದ ಬದಲಿಯನ್ನು ಮಾಡಿದ ಫ್ರಾನ್ಸಿನ ಮೆಜ್-ಮುರಿಯೆ ತಮ್ಮ ಸರಕಿಗೆ ಅದೇ ಹೆಸರನ್ನು ಎಳೆದುಕೊಂಡರು. ಹೀಗೆ, ಇಲ್ಲದ ಆಮ್ಲದ ಹೆಸರನ್ನು ಹೊತ್ತ ಮಾರ್ಗರಿನ್ ಇವತ್ತಿಗೂ ಬೇಕರಿಗಳಲ್ಲಿದೆ. ಶೆವ್ರೂಲ್ ಬದುಕಿದ್ದು 102 ವರ್ಷ. ಸ್ಟಿಯರಿಕ್ ಆಮ್ಲದಿಂದ ಹೊಗೆಯಿಲ್ಲದೆ ಉರಿಯುವ ಮೇಣದಬತ್ತಿ ಮಾಡುವ ವಿಧಾನಕ್ಕೆ ಅವರು ಗೇ-ಲುಸಾಕ್ ಜೊತೆಗೂಡಿ 1825ರಲ್ಲಿ ಪೇಟೆಂಟ್ ಪಡೆದಿದ್ದರು. 1889ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಐಫೆಲ್ ಗೋಪುರ ಎದ್ದು ನಿಂತಿತ್ತು, ಅದರ ಮೇಲೆ ಕೆತ್ತಿದ ವಿಜ್ಞಾನಿಗಳ ಹೆಸರುಗಳಲ್ಲಿ ಅವರದೂ ಇತ್ತು.

ಊರಿನ ಹೆಸರಿನಿಂದ ಜನರನ್ನು ಕರೆಯುವ ಈ ಪದ್ಧತಿ ಆಮೇಲೂ ನಿಲ್ಲಲಿಲ್ಲ. ಜಾಯಿಕಾಯಿಯ ಕೊಬ್ಬಿನಿಂದ ಮಿರಿಸ್ಟಿಕ್ ಬಂತು. ತಾಳೆ ಎಣ್ಣೆಯಿಂದ ಪಾಮಿಟಿಕ್ ಬಂತು. ನಮ್ಮ ಹಿತ್ತಿಲ ನುಗ್ಗೆ ಮರಕ್ಕೂ ಇಲ್ಲೊಂದು ಪಾಲಿದೆ: ನುಗ್ಗೆ ಬೀಜದ ಎಣ್ಣೆಯನ್ನು ಯುರೋಪಿನಲ್ಲಿ ‘ಬೆನ್ ಎಣ್ಣೆ’ ಎನ್ನುತ್ತಿದ್ದರು, ಗಡಿಯಾರ ರಿಪೇರಿಯವರು ಚಕ್ರಗಳಿಗೆ ಅದನ್ನೇ ಬಿಡುತ್ತಿದ್ದರು. 22 ಇಂಗಾಲದ ಬೆಹೆನಿಕ್ ಆಮ್ಲಕ್ಕೆ ಹೆಸರು ಬಂದದ್ದು ಅಲ್ಲಿಂದ. ಆದರೆ ಹೆಸರಿನ ಊರಿಗೂ ಆಮ್ಲದ ವಾಸಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಪಾಮಿಟಿಕ್ ಆಮ್ಲ ತುಪ್ಪದಲ್ಲೂ ಇದೆ, ನಮ್ಮ ಚರ್ಮದಡಿಯ ಕೊಬ್ಬಿನಲ್ಲೂ ಇದೆ. ಲಾರಿಕ್‌ಗೆ ಹೆಸರು ಕೊಟ್ಟದ್ದು ಲಾರೆಲ್ ಮರ, ಅದು ಹೇರಳವಾಗಿ ಸಿಗುವುದು ಕೊಬ್ಬರಿ ಎಣ್ಣೆಯಲ್ಲಿ. ಸ್ಟಿಯರಿಕ್ ಎಂದರೆ ದನದ ಕೊಬ್ಬೇ ಎಂದು ಹೆದರುವವರು ನಮ್ಮ ಕರಾವಳಿಯ ಮುರುಗಲು ತುಪ್ಪವನ್ನು ನೋಡಬೇಕು. ಮುರುಗಲು ಬೀಜದಿಂದ ತೆಗೆಯುವ, ಹಿಮ್ಮಡಿ ಒಡೆದರೆ ಹಚ್ಚುವ ಆ ಬಿಳಿ ಗಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲವೇ. ಕ್ರೀಮಿನ ಡಬ್ಬಿಯ ಮೇಲೆ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂದಿದ್ದರೆ ಮೇಕೆಯ ಕೊಬ್ಬು ಬೆರೆಸಿದ್ದಾರೆ ಎಂದು ಗಾಬರಿಯಾಗುವವರೂ ಇದ್ದಾರೆ. ಹೆಸರು ಮೇಕೆಯದು ನಿಜ. ಸರಕು ಸಾಮಾನ್ಯವಾಗಿ ಬರುವುದು ಕೊಬ್ಬರಿ ಅಥವಾ ತಾಳೆಬೀಜದ ಎಣ್ಣೆಯಿಂದ.

1892ರಲ್ಲಿ ಜಿನೀವಾದಲ್ಲಿ ಸೇರಿದ ರಸಾಯನ ವಿಜ್ಞಾನಿಗಳು ಈ ಅಡ್ಡಹೆಸರುಗಳ ಕಾಟ ಸಾಕೆಂದು ಕ್ರಮಬದ್ಧ ನಾಮಕರಣಕ್ಕೆ ಅಡಿಪಾಯ ಹಾಕಿದರು. ಇಂಗಾಲ ಎಷ್ಟು, ದ್ವಿಬಂಧ ಎಷ್ಟು, ಎಲ್ಲಿ, ಎಲ್ಲವೂ ಹೆಸರಿನಲ್ಲೇ ಇರಬೇಕು. ಸ್ಟಿಯರಿಕ್ ಆಮ್ಲ ಆಕ್ಟಾಡೆಕನೋಯಿಕ್ ಆಮ್ಲವಾಯಿತು. ಪ್ರಯೋಗಾಲಯದ ಜನ ಇನ್ನೂ ಚಿಕ್ಕದು ಮಾಡಿಕೊಂಡರು: 18:0. ಅಂದರೆ 18 ಇಂಗಾಲ, ಸೊನ್ನೆ ದ್ವಿಬಂಧ. ಓಲಿಯಿಕ್ 18:1, ಲಿನೋಲಿಯಿಕ್ 18:2, ಲಿನೋಲೆನಿಕ್ 18:3. ದ್ವಿಬಂಧ ಇಲ್ಲದ್ದು ಪರ್ಯಾಪ್ತ, ಅಂದರೆ ಸ್ಯಾಚುರೇಟೆಡ್. ಒಂದಿದ್ದರೆ ಮೂಫಾ, ಹಲವಿದ್ದರೆ ಪೂಫಾ. ಬಾಟಲಿಯ ಹಿಂದಿನ ಪಟ್ಟಿ ಓದುವುದಕ್ಕೆ ಇಷ್ಟು ಸಾಕು.

ನನಗೆ ನಿಜವಾಗಿ ಇಷ್ಟವಾದ ಸಂಗತಿ ಇನ್ನು ಮುಂದಿದೆ. ಕೊಬ್ಬಿನಾಮ್ಲದ ಸರಪಳಿಗೆ ಎರಡು ತುದಿ. ಒಂದು ಆಮ್ಲದ ತುದಿ, ಇನ್ನೊಂದು ಮೂರು ಜಲಜನಕ ಹೊತ್ತ ಬಾಲದ ತುದಿ. ದ್ವಿಬಂಧ ಎಷ್ಟನೆಯ ಇಂಗಾಲದಲ್ಲಿದೆ ಎಂದು ಎಣಿಸುವಾಗ ಯಾವ ತುದಿಯಿಂದ ಶುರುಮಾಡಬೇಕು? ರಸಾಯನಶಾಸ್ತ್ರದ ನಿಯಮ ಆಮ್ಲದ ತುದಿ ಎನ್ನುತ್ತದೆ. ಅದು ಡೆಲ್ಟಾ ಎಣಿಕೆ. ಲಿನೋಲಿಯಿಕ್‌ನ ದ್ವಿಬಂಧಗಳು ಡೆಲ್ಟಾ 9 ಮತ್ತು 12ರಲ್ಲಿವೆ. ದೇಹದ ಕೆಲಸವನ್ನು ಅರ್ಥಮಾಡಿಕೊಳ್ಳಲು ಮಾತ್ರ ಈ ಎಣಿಕೆ ತೊಡಕಿನದು.

ಮುಖ್ಯರಸ್ತೆಯಿಂದ ಒಳಗೆ ಹೋಗಿ ದೇವಸ್ಥಾನದಲ್ಲಿ ಮುಗಿಯುವ ಒಂದು ಬೀದಿಯನ್ನು ನೆನೆಯಿರಿ. ಮನೆ ನಂಬರು ಮುಖ್ಯರಸ್ತೆಯಿಂದ ಶುರು. ಹೊಸ ಮನೆ ಕಟ್ಟುವುದೂ ಮುಖ್ಯರಸ್ತೆಯ ಕಡೆಗೇ, ಒಂದು ಸಲಕ್ಕೆ ಎರಡೆರಡು. ಕಟ್ಟಿದಾಗಲೆಲ್ಲ ಹಳಬರ ನಂಬರು ಎರಡು ಮುಂದಕ್ಕೆ ಜಾರುತ್ತದೆ. ಹನ್ನೆರಡನೇ ಮನೆಯವರು ಕದಲದೆಯೇ ಹದಿನಾಲ್ಕನೇ ಮನೆಯವರಾಗುತ್ತಾರೆ. ಅದೇ ದೇವಸ್ಥಾನದ ಕಡೆಯಿಂದ ಎಣಿಸಿದರೆ, ಬೀದಿ ಎಷ್ಟೇ ಉದ್ದವಾಗಲಿ, ಅವರ ಲೆಕ್ಕ ಬದಲಾಗುವುದಿಲ್ಲ.

ನಮ್ಮ ಜೀವಕೋಶ ಮಾಡುವುದು ಇದನ್ನೇ. ಸರಪಳಿಯನ್ನು ಉದ್ದಮಾಡುವ ಕಿಣ್ವಗಳು ಆಮ್ಲದ ತುದಿಗೆ ಎರಡೆರಡು ಇಂಗಾಲ ಸೇರಿಸುತ್ತವೆ. ಕೊಬ್ಬಿನಾಮ್ಲಗಳಲ್ಲಿ 16, 18, 20 ಎಂದು ಸಮಸಂಖ್ಯೆಗಳೇ ತುಂಬಿರುವುದಕ್ಕೂ ಇದೇ ಕಾರಣ. ಹೊಸ ದ್ವಿಬಂಧ ಹಾಕುವ ಕಿಣ್ವಗಳೂ ಪ್ರಾಣಿಗಳಲ್ಲಿ ಇರುವ ದ್ವಿಬಂಧಕ್ಕೂ ಆಮ್ಲದ ತುದಿಗೂ ನಡುವಿನ ಜಾಗದಲ್ಲಷ್ಟೇ ಕೈಯಾಡಿಸುತ್ತವೆ. ಲಿನೋಲಿಯಿಕ್ ಆಮ್ಲದ ಪ್ರಯಾಣವನ್ನು ನೋಡಿ. 18:2, ಡೆಲ್ಟಾ 9, 12. ಒಂದು ದ್ವಿಬಂಧ ಸೇರಿ 18:3, ಡೆಲ್ಟಾ 6, 9, 12 ಆಯಿತು. ಎರಡು ಇಂಗಾಲ ಸೇರಿ 20:3, ಡೆಲ್ಟಾ 8, 11, 14. ಇನ್ನೊಂದು ದ್ವಿಬಂಧ ಸೇರಿ 20:4, ಡೆಲ್ಟಾ 5, 8, 11, 14. ಕೊನೆಗೆ ಸಿಕ್ಕಿದ್ದೇ ಅರಾಕಿಡೋನಿಕ್ ಆಮ್ಲ! ಈ ಅಂಕಿಗಳನ್ನು ನೋಡಿ ಇವೆಲ್ಲ ಒಂದೇ ಮನೆತನದವು ಎಂದು ಯಾರಿಗೆ ಹೊಳೆಯಬೇಕು? ಈಗ ಬಾಲದ ಕಡೆಯಿಂದ ಲೆಕ್ಕಹಾಕಿ. 18ರಲ್ಲಿ 12 ಕಳೆದರೆ 6. 20ರಲ್ಲಿ 14 ಕಳೆದರೂ 6. ಹುಟ್ಟಿನಿಂದ ಕೊನೆಯವರೆಗೆ ಆ 6 ಅಳಿಸುವುದಿಲ್ಲ. ಇದೇ ಒಮೆಗಾ-6.

ಒಮೆಗಾ ಪದವನ್ನು ಹುಟ್ಟಿಸಿದ್ದು ಜಾಹೀರಾತಿನವರಲ್ಲ. 1964ರಲ್ಲಿ ಈ ಎಣಿಕೆಯನ್ನು ಬಳಕೆಗೆ ತಂದವರು ಅಮೆರಿಕದ ರಾಲ್ಫ್ ಹೋಲ್ಮನ್. ಅವರ ಗುರು ಜಾರ್ಜ್ ಬರ್. ಈ ಬರ್ ಮತ್ತು ಅವರ ಪತ್ನಿ ಮಿಲ್ಡ್ರೆಡ್ 1929ರಲ್ಲಿ ಇಲಿಗಳಿಗೆ ಕೊಬ್ಬನ್ನು ಸಂಪೂರ್ಣ ಬಿಡಿಸಿದ ಆಹಾರ ಹಾಕಿದರು. ಇಲಿಗಳ ಬಾಲದಲ್ಲಿ ಹುರುಪೆ ಎದ್ದಿತು, ಬೆಳವಣಿಗೆ ನಿಂತಿತು, ಕೊನೆಗೆ ಸಾವೂ ಬಂತು. ಕೊಬ್ಬೆಂದರೆ ಬರೀ ಉರುವಲು, ಅನ್ನದಿಂದಲೇ ದೇಹ ಅದನ್ನು ಮಾಡಿಕೊಳ್ಳುತ್ತದೆ ಎಂದು ನಂಬಿದ್ದ ಕಾಲ ಅದು. ಮರುವರ್ಷ ಲಿನೋಲಿಯಿಕ್ ಆಮ್ಲ ಹಾಕಿದರೆ ಇಲಿಗಳು ಚೇತರಿಸಿಕೊಳ್ಳುತ್ತವೆ ಎಂದು ತೋರಿಸಿದರು. ಕಾರಣ ಇಷ್ಟೇ: ಆಮ್ಲದ ತುದಿಯಿಂದ 9ನೇ ಇಂಗಾಲದ ಆಚೆಗೆ ದ್ವಿಬಂಧ ಹಾಕುವ ಕಿಣ್ವ ಇಲಿಗೂ ಇಲ್ಲ, ನಮಗೂ ಇಲ್ಲ. ಗಿಡಗಳಿಗೆ ಇದೆ. ಹಾಗಾಗಿ ಒಮೆಗಾ-6 ಮತ್ತು (ಬಾಲದಿಂದ ಎಣಿಸಿದರೆ ಮೊದಲ ದ್ವಿಬಂಧ 3ರಲ್ಲಿ ಸಿಗುವ) ಒಮೆಗಾ-3ರ ಮೂಲ ಆಮ್ಲಗಳು ಊಟದಿಂದಲೇ ಬರಬೇಕು.

ಅವು ಬರದಿದ್ದಾಗ ದೇಹ ಏನು ಮಾಡುತ್ತದೆ ಎಂಬುದು ಇನ್ನೂ ಸೊಗಸು. ಖಾಲಿ ಕುಳಿತ ಅದೇ ಕಿಣ್ವಗಳು ಮನೆಯಲ್ಲೇ ತಯಾರಾದ ಓಲಿಯಿಕ್ ಆಮ್ಲವನ್ನು ಎಳೆದುಕೊಂಡು 20:3 ಒಮೆಗಾ-9 ಎಂಬ ಆಮ್ಲವನ್ನು ಮಾಡುತ್ತವೆ. ಅದಕ್ಕೆ ಮೀಡ್ ಆಮ್ಲ ಎಂದು ಹೆಸರು. ರಕ್ತದಲ್ಲಿ ಇದು ಏರಿ ಅರಾಕಿಡೋನಿಕ್ ಇಳಿದಿದ್ದರೆ ಅಗತ್ಯ ಕೊಬ್ಬಿನಾಮ್ಲದ ಕೊರತೆ ಎಂದು ವೈದ್ಯರು ಗುರುತಿಸುತ್ತಾರೆ. ‘ಒಮೆಗಾ 3-6-9’ ಎಂದು ಮಾರುವ ಮಾತ್ರೆಗಳ ಆ 9 ದೇಹ ತಾನೇ ಮಾಡಿಕೊಳ್ಳುವ ಓಲಿಯಿಕ್ ಆಮ್ಲ, ಒಗ್ಗರಣೆಯ ಕಡಲೆಕಾಯಿ ಎಣ್ಣೆಯಲ್ಲಿ ಧಾರಾಳವಾಗಿ ಇರುವಂಥದ್ದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಒಮೆಗಾ-3ಕ್ಕೆ ನಮ್ಮಲ್ಲಿ ದೊಡ್ಡ ಆಸರೆ ಅಗಸೆ. ಅದರ ಎಣ್ಣೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ. ಕುಸುಬೆ, ಹುಚ್ಚೆಳ್ಳು, ಸೂರ್ಯಕಾಂತಿ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಒಮೆಗಾ-6 ತುಂಬಿರುತ್ತದೆ, 3 ಹೆಸರಿಗಷ್ಟೇ. ಒಂದು ಕುಲ ಇನ್ನೊಂದಾಗುವುದಿಲ್ಲವಾದ್ದರಿಂದ ಎಷ್ಟೇ ಕುಸುಬೆ ಎಣ್ಣೆ ಸುರಿದರೂ ಅದರಿಂದ ಒಮೆಗಾ-3 ಹುಟ್ಟದು. ಮೇಲಾಗಿ ಎರಡೂ ಕುಲಗಳು ಒಂದೇ ಕಿಣ್ವಗಳ ಮುಂದೆ ಸರದಿ ನಿಲ್ಲಬೇಕು. ಉತ್ತರ ಕರ್ನಾಟಕದ ಊಟದಲ್ಲಿ ಅಗಸೆ ಚಟ್ನಿಪುಡಿ ಇರುವುದು ಒಳ್ಳೆಯದೇ. ಹುರಿದು ಕುಟ್ಟುವುದೂ ಸರಿ, ಇಡೀ ಬೀಜ ಅರಗದೆ ಹಾಗೇ ಹೊರಹೋಗುತ್ತದೆ. ಆದರೆ ‘ಅಗಸೆ ತಿಂದರೆ ಮೀನು ತಿಂದಷ್ಟೇ’ ಎಂಬ ಮಾತು ನಿಲ್ಲುವುದಿಲ್ಲ. ಮಿದುಳು, ಕಣ್ಣಿನ ರೆಟಿನಾ ಬಳಸುವ ಒಮೆಗಾ-3 ಆಮ್ಲ ಡಿಎಚ್‌ಎ 22:6, ಬೂತಾಯಿ, ಬಂಗುಡೆಯಲ್ಲಿ ಸಿದ್ಧವಾಗಿ ಸಿಗುವಂಥದ್ದು. ಅಗಸೆಯ 18:3 ಅಲ್ಲಿಗೆ ತಲುಪಲು ಅನೇಕ ಹಂತ ದಾಟಬೇಕು. ದಾಟುವುದು ಅತಿ ಸಣ್ಣ ಪಾಲು.

ಅಂಕಿಗಳೂ ಎಲ್ಲವನ್ನೂ ಹೇಳುವುದಿಲ್ಲ. 18:1 ಎಂದಷ್ಟೇ ಬರೆದರೆ ಅದು ಓಲಿಯಿಕ್ ಆಗಬಹುದು, ಎಲಾಯಿಡಿಕ್ ಆಗಬಹುದು. ಇಬ್ಬರಿಗೂ ದ್ವಿಬಂಧ ಇರುವುದು ಡೆಲ್ಟಾ 9ರಲ್ಲೇ. ಓಲಿಯಿಕ್‌ನಲ್ಲಿ ಸರಪಳಿ ಅಲ್ಲಿ ಬಾಗುತ್ತದೆ, ಅದು ಸಿಸ್. ಎಲಾಯಿಡಿಕ್‌ನಲ್ಲಿ ನೆಟ್ಟಗೆ ಸಾಗುತ್ತದೆ, ಅದು ಟ್ರಾನ್ಸ್. ಬಾಗಿದ್ದು ಒತ್ತೊತ್ತಾಗಿ ಜೋಡಿಸಿಕೊಳ್ಳಲಾರದೆ 13 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ನೆಟ್ಟಗಿರುವುದು 44ರವರೆಗೆ ಗಟ್ಟಿ. 1902ರಲ್ಲಿ ಜರ್ಮನಿಯ ನಾರ್ಮನ್ ಪೇಟೆಂಟ್ ಪಡೆದ ವಿಧಾನದಲ್ಲಿ ನಿಕ್ಕಲ್ ಪುಡಿಯ ಮೇಲೆ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ, ಉಳಿದ ದ್ವಿಬಂಧಗಳಲ್ಲಿ ಹಲವು ಹೀಗೆ ನೆಟ್ಟಗಾದವು. 1937ರಿಂದ ನಮ್ಮ ಅಡುಗೆಮನೆಗೆ ಬಂದ ಡಾಲ್ಡಾದಲ್ಲಿ ಟ್ರಾನ್ಸ್ ಕೊಬ್ಬು ಸೇರಿಕೊಂಡಿದ್ದು ಹೀಗೆ. ಅದನ್ನು ತುಪ್ಪಕ್ಕೆ ಬೆರೆಸಿದರೆ ಪತ್ತೆಯಾಗಲೆಂದು ಸರ್ಕಾರ ವನಸ್ಪತಿಯಲ್ಲಿ ಎಳ್ಳೆಣ್ಣೆ ಕಡ್ಡಾಯ ಮಾಡಿತ್ತು. ಕಲಬೆರಕೆ ತುಪ್ಪವನ್ನು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಲ್ ಹಾಕಿ ಕುಲುಕಿದರೆ ತಳದಲ್ಲಿ ಗುಲಾಬಿ ಕೆಂಪು ಏಳುತ್ತದೆ. ಅದು ಎಳ್ಳಿನ ಸಾಕ್ಷಿ. 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ನೂರಕ್ಕೆ 2ನ್ನು ಮೀರುವಂತಿಲ್ಲ.

ಇನ್ನು ಉದ್ದದ ಲೆಕ್ಕ. ಇಂಗಾಲ 6ಕ್ಕಿಂತ ಕಡಿಮೆ ಇದ್ದರೆ ಗಿಡ್ಡ ಸರಪಳಿ, 6ರಿಂದ 12 ಮಧ್ಯಮ, ಅದಕ್ಕೂ ಮೇಲೆ ಉದ್ದ. ಗೆರೆ ಎಲ್ಲಿ ಎಳೆಯಬೇಕು ಎನ್ನುವುದರಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ವ್ಯತ್ಯಾಸವಿದೆ. ಆ ಗಡಿಯ ಮೇಲೆಯೇ 12ರ ಲಾರಿಕ್ ಕೂತಿದೆ. ಕೊಬ್ಬರಿ ಎಣ್ಣೆಯ ಅರ್ಧಭಾಗ ಅದೇ ಆದ್ದರಿಂದ ‘ಕೊಬ್ಬರಿ ಎಣ್ಣೆ ಮಧ್ಯಮ ಸರಪಳಿಯದು, ಕುಡಿದರೆ ತೂಕ ಇಳಿಯುತ್ತದೆ’ ಎಂಬ ಪ್ರಚಾರ ಸಲೀಸಾಗಿ ಹಬ್ಬಿದೆ. ಆಸ್ಪತ್ರೆಗಳಲ್ಲಿ ಕೊಬ್ಬು ಜೀರ್ಣವಾಗದ ರೋಗಿಗಳಿಗೆ ಕೊಡುವ ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು) ಎಣ್ಣೆ ಮುಖ್ಯವಾಗಿ 8 ಮತ್ತು 10 ಇಂಗಾಲದ್ದು. ಆ ಆಮ್ಲಗಳು ಕರುಳಿನಿಂದ ಸೀದಾ ಯಕೃತ್ತಿಗೆ ಹೋಗುತ್ತವೆ. ಲಾರಿಕ್‌ನ ಹೆಚ್ಚಿನ ಪಾಲು ಉದ್ದ ಸರಪಳಿಯವರ ಜೊತೆ ದುಗ್ಧರಸದ ನಾಳ ಹಿಡಿಯುತ್ತದೆ. ಮಾರಾಟಗಾರರು ತೋರಿಸುವ ಪ್ರಯೋಗಗಳು ಹೆಚ್ಚಾಗಿ ನಡೆದದ್ದು 8 ಮತ್ತು 10ರ ಎಣ್ಣೆಯ ಮೇಲೆ. ಕೊಬ್ಬರಿ ಎಣ್ಣೆಯಲ್ಲಿ ಆ ಎರಡೂ ಸೇರಿ ನೂರಕ್ಕೆ 15ರ ಆಸುಪಾಸು.