ಒಂದೇ ಎಸಿ, ಮೂರು ಕೊಟೇಶನ್: ಯಾರ ಮಾತು ಕೇಳೋದು?

ಓದುಗರ ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ಮೇಲಿನ ಮಹಡಿಯ ರೂಮಿಗೆ ಏಳು ವರ್ಷದ ಹಿಂದೆ ಒಂದೂವರೆ ಟನ್ ಇನ್ವರ್ಟರ್ ಎಸಿ ಹಾಕಿಸಿದ್ದೆವು. ಈಗ ಗಾಳಿ ಬರುತ್ತದೆ, ತಂಪು ಬರುತ್ತಿಲ್ಲ. ಒಬ್ಬ ಮೆಕ್ಯಾನಿಕ್ ಗ್ಯಾಸ್ ತುಂಬಿಸಿದರೆ ಸಾಕು, 3,000 ರೂಪಾಯಿ ಅಂದರು. ಇನ್ನೊಬ್ಬರು ಒಳಗಿನ ಕಾಯಿಲ್ (ಗ್ಯಾಸ್ ಹರಿಯುವ ಸುರುಳಿ ಪೈಪು) ಹೋಗಿದೆ, 11,000 ಆಗುತ್ತದೆ ಅಂದರು. ಮೂರನೆಯವರು ಇದಕ್ಕೆ ದುಡ್ಡು ಹಾಕಬೇಡಿ, 40,000ಕ್ಕೆ ಹೊಸದು ಕೂರಿಸಿಕೊಡ್ತೀನಿ ಅಂದರು. ಯಾರದ್ದು ಸರಿ?

ಉತ್ತರ: ಮೊದಲು ಆ ಮೂರೂ ಮೊತ್ತಗಳನ್ನು ಪಕ್ಕಕ್ಕಿಡಿ. ಅವು ಒಂದೇ ಕೆಲಸದ ಮೂರು ರೇಟುಗಳಲ್ಲ, ಮೂರು ಬೇರೆ ಬೇರೆ ಕೆಲಸಗಳು. 3,000ವನ್ನೂ 11,000ವನ್ನೂ ಪಕ್ಕಪಕ್ಕ ಇಟ್ಟು ಯಾವುದು ಅಗ್ಗ ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೂವರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಹಾಳಾಗಿರುವುದು ಏನು, ಅದು ನಿಮಗೆ ಹೇಗೆ ಗೊತ್ತಾಯಿತು? ಇದಕ್ಕೆ ನೆಟ್ಟಗೆ ಉತ್ತರ ಕೊಡುವವರ ಕೊಟೇಶನ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಗ್ಯಾಸ್ ವಿಷಯ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತಾ ರೂಮಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಗ್ಯಾಸ್ ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ವರ್ಷಾ ವರ್ಷ ಗ್ಯಾಸ್ ಹಾಕಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೀಕ್ ಹುಡುಕದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಹಾಕಿಸದೆ ಟ್ಯೂಬಿಗೆ ಗಾಳಿ ಹೊಡೆಸಿದ ಹಾಗೆ. ಲೀಕ್ ದೊಡ್ಡದಾಗಿದ್ದರೆ ವಾರದಲ್ಲೇ, ಸಣ್ಣದಾಗಿದ್ದರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಕಥೆ.

ಸರಿಯಾದ ಕೆಲಸ ಹೀಗಿರುತ್ತದೆ. ಪೈಪಿನೊಳಗೆ ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತಾರೆ. ಲೀಕ್ ಸಿಕ್ಕಿದ ಮೇಲೆ ಅದನ್ನು ಮುಚ್ಚುತ್ತಾರೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎರಡನ್ನೂ ಎಳೆಯುತ್ತಾರೆ. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ತೂಕ ನೋಡಿ ಗ್ಯಾಸ್ ಬಿಡುತ್ತಾರೆ. ಎಷ್ಟು ಬಿಡಬೇಕು ಅನ್ನುವುದು ಔಟ್‌ಡೋರ್ ಯೂನಿಟ್‌ಗೆ ಅಂಟಿಸಿದ ಸ್ಟಿಕ್ಕರಿನಲ್ಲೇ ಇರುತ್ತದೆ. ಗ್ಯಾಸಿನ ಹೆಸರೂ ಅಲ್ಲೇ ಸಿಗುತ್ತದೆ: ಆರ್-32, ಆರ್-410ಎ ಅಥವಾ ಹಳೆಯದರಲ್ಲಿ ಆರ್-22. ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ತಕ್ಕಡಿ ಯಾಕೆ ಅಂದರೆ, ನಿಮ್ಮದು ಇನ್ವರ್ಟರ್ ಎಸಿ. ಗ್ಯಾಸನ್ನು ಒತ್ತಿ ಸುತ್ತಿಸುವ ಅದರ ಕಂಪ್ರೆಸರ್ ವೇಗ ಬದಲಾಗುತ್ತಲೇ ಇರುತ್ತದೆ, ಜೊತೆಗೆ ಗ್ಯಾಸಿನ ಒತ್ತಡವೂ. ಬರೀ ಗೇಜ್ ಮುಳ್ಳು ನೋಡಿ ತುಂಬಿದರೆ ಅಳತೆ ತಪ್ಪುವ ಸಾಧ್ಯತೆ ಜಾಸ್ತಿ. ಇನ್ನು ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್. ಆ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಓಡಿಸುವ ಹಳೇ ಪದ್ಧತಿ ಅದಕ್ಕೆ ಸಲ್ಲ. ವ್ಯಾಕ್ಯೂಮ್ ಪಂಪ್ ತರದೆ ಬರುವವರಿಗೆ ಈ ಕೆಲಸ ಕೊಡಬೇಡಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಹಾಗಾಗಿ ಮೊದಲನೆಯವರನ್ನು ಕೇಳಿ: 3,000ದಲ್ಲಿ ಲೀಕ್ ಹುಡುಕುವುದು ಸೇರಿದೆಯಾ? ಸೇರಿದ್ದರೆ ಅದು ಒಳ್ಳೆಯ ರೇಟು. ಸೇರಿಲ್ಲದಿದ್ದರೆ ಆ 3,000 ನಿಮ್ಮ ಪಾಲಿಗೆ ಹೋದ ಹಾಗೆಯೇ.

ಅಂದ ಹಾಗೆ, ತಂಪು ಬರದಿದ್ದರೆ ಗ್ಯಾಸೇ ಕಾರಣ ಆಗಿರಬೇಕಿಲ್ಲ. ನಮ್ಮೂರಿನ ಧೂಳು ಗೊತ್ತೇ ಇದೆಯಲ್ವಾ. ಮಂಡಕ್ಕಿ ಭಟ್ಟಿ, ರೈಸ್ ಮಿಲ್ಲುಗಳ ಹತ್ತಿರವಂತೂ ಹೊಗೆ, ಹೊಟ್ಟು ಎಲ್ಲ ಔಟ್‌ಡೋರ್ ಯೂನಿಟ್ಟಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅದು ಕಟ್ಟಿಕೊಂಡರೆ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಒಳಗಿನ ಫಿಲ್ಟರ್ ನೀವೇ ತೊಳೆಯಬಹುದು. ಹೊರಗಿನದಕ್ಕೆ ವಾಟರ್ ಸರ್ವಿಸ್ ಮಾಡಿಸಿ. ಅದಕ್ಕೆ ಕೆಲವು ನೂರು ರೂಪಾಯಿ ಸಾಕು. ದೊಡ್ಡ ಕೊಟೇಶನ್‌ಗೆ ಹೂಂ ಅನ್ನುವ ಮುಂಚೆ ಇಷ್ಟನ್ನು ಮಾಡಿಸಿ ನೋಡಿ.

ಎರಡನೆಯವರ ಮಾತು ನಿಜವೂ ಇರಬಹುದು. ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತು ಬೀಳುವುದು ಸಾಮಾನ್ಯ. ತಾಮ್ರದ ಕಾಯಿಲ್‌ಗೆ ಒಂದೇ ತೂತಾದರೆ ವೆಲ್ಡಿಂಗ್ ಮಾಡಿಸಬಹುದು. ಎರಡು ಮೂರು ಕಡೆ ಆಗಿದ್ದರೆ, ಒಂದು ಮುಚ್ಚಿಸುವಷ್ಟರಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಆಗ ಬದಲಾಯಿಸುವುದೇ ಸರಿ. ಅಲ್ಯೂಮಿನಿಯಂ ಆದರೆ ರಿಪೇರಿ ಕಷ್ಟ. ಆದರೆ ಗುಳ್ಳೆ ಏಳುವುದನ್ನು ನಿಮ್ಮ ಕಣ್ಣೆದುರೇ ತೋರಿಸಲಿ. ಹಾಕುವ ಕಾಯಿಲ್ ಕಂಪನಿಯದ್ದಾ, ಲೋಕಲ್ಲಾ, ಅದರಲ್ಲಿ ಗ್ಯಾಸ್ ಸೇರಿದೆಯಾ, ಎಷ್ಟು ತಿಂಗಳ ಗ್ಯಾರಂಟಿ ಅಂತ ಬರೆಸಿಕೊಳ್ಳಿ. ಬಾಯಿಮಾತಿನ ಗ್ಯಾರಂಟಿ ಏಪ್ರಿಲ್ ರಶ್ಶಿನಲ್ಲಿ ಫೋನ್ ಎತ್ತುವುದಿಲ್ಲ.

ಹಳೆಯ ಬಿಲ್ ಮತ್ತು ವಾರಂಟಿ ಕಾರ್ಡನ್ನೂ ಹುಡುಕಿ. ಬಹಳಷ್ಟು ಇನ್ವರ್ಟರ್ ಎಸಿಗಳ ಕಂಪ್ರೆಸರ್‌ಗೆ 10 ವರ್ಷದ ವಾರಂಟಿ ಇರುತ್ತದೆ. ಯಾರಾದರೂ ಕಂಪ್ರೆಸರ್ ಹೋಗಿದೆ ಅಂದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಗ್ಯಾಸ್ ಮತ್ತು ಕೂಲಿ ಖರ್ಚು ನಿಮ್ಮದೇ ಆಗಬಹುದು, ಆದರೂ ದೊಡ್ಡ ಖರ್ಚು ಉಳಿಯುತ್ತದೆ.

ಮೂರನೆಯವರದು ಹೊಸ ಎಸಿ. ನನ್ನ ಲೆಕ್ಕ ಇಷ್ಟು: ರಿಪೇರಿ ಖರ್ಚು ಹೊಸದರ ಮೂರನೇ ಒಂದು ಪಾಲಿನೊಳಗೆ ಇದ್ದು, ಕಂಪ್ರೆಸರ್ ಗಟ್ಟಿಯಾಗಿದ್ದರೆ ಏಳು ವರ್ಷದ ಎಸಿಯನ್ನು ಬಿಸಾಡಬೇಡಿ. ಅರ್ಧ ದಾಟಿದರೆ ಹೊಸದೇ ವಾಸಿ. ಆರ್-22 ಗ್ಯಾಸಿನ ಹಳೆಯ ಎಸಿಗೆ ಮಾತ್ರ ದೊಡ್ಡ ಖರ್ಚು ಬೇಡವೇ ಬೇಡ. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ದೇಶ ಹಂತ ಹಂತವಾಗಿ ಕೈಬಿಡುತ್ತಿದೆ.

ಹೊಸದರ ಕೊಟೇಶನ್‌ನಲ್ಲಿ ಎಸಿಯ ಬೆಲೆ ಒಂದು, ಕೂರಿಸುವ ಖರ್ಚು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆಯಲು ಹೇಳಿ. ಸಾಮಾನ್ಯವಾಗಿ 3 ಮೀಟರ್ ತಾಮ್ರದ ಪೈಪ್ ಎಸಿ ಜೊತೆಗೇ ಬರುತ್ತದೆ. ನಿಮ್ಮ ಔಟ್‌ಡೋರ್ ಯೂನಿಟ್ ದೂರದಲ್ಲಿದ್ದರೆ ಉಳಿದ ಪೈಪಿಗೆ ಅಳತೆಯ ಮೇಲೆ ದುಡ್ಡು. ಸ್ಟ್ಯಾಂಡ್, ವೈರ್, ಡ್ರೈನ್ ಪೈಪ್, ಸ್ಟೆಬಿಲೈಸರ್, ಹಳೆಯದನ್ನು ಬಿಚ್ಚುವ ಕೂಲಿ ಎಲ್ಲವೂ ಆಮೇಲೆ ಒಂದೊಂದಾಗಿ ಬರುತ್ತವೆ. 40,000 ಅಂದವರಿಗಿಂತ 43,000 ಅಂದವರೇ ಕಡೆಗೆ ಕಡಿಮೆ ಆಗಬಹುದು. ಎಸಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್‌ನಲ್ಲಿ ಅದನ್ನು ನೋಡಿಕೊಳ್ಳಿ.

3 ಸ್ಟಾರ್ ಸಾಕಾ, 5 ಸ್ಟಾರ್ ಬೇಕಾ? ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದು ವರ್ಷಕ್ಕೆ 1,600 ಗಂಟೆ ಓಡಿಸುವ ಲೆಕ್ಕ. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ರಾತ್ರಿ ಎಂಟು ಗಂಟೆ ಓಡಿಸಿದರೂ ಸುಮಾರು 720 ಗಂಟೆ, ಅದರ ಅರ್ಧಕ್ಕಿಂತ ಕಡಿಮೆ. ಎರಡು ಲೇಬಲ್‌ಗಳ ನಡುವೆ 240 ಯೂನಿಟ್ ವ್ಯತ್ಯಾಸ ಇದ್ದರೆ ನಿಮಗೆ ಉಳಿಯುವುದು 108 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 650 ರೂಪಾಯಿ ಆಸುಪಾಸು. 5 ಸ್ಟಾರಿಗೆ 7,000 ಜಾಸ್ತಿ ಕೊಟ್ಟರೆ ಅದು ವಾಪಸ್ ಬರಲು ಹತ್ತು ವರ್ಷ ದಾಟುತ್ತದೆ. ಹಗಲೂ ಓಡುವ ಅಂಗಡಿ, ಕ್ಲಿನಿಕ್ ಆದರೆ 5 ಸ್ಟಾರ್ ತೆಗೆದುಕೊಳ್ಳಿ.

ಮನೆಯವರು ಇನ್ನೊಂದನ್ನೂ ಗಮನಿಸಬೇಕು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯ ತಿಂಗಳಲ್ಲಿ ನಿಮ್ಮ ಮೀಟರ್ 200ರ ಹತ್ತಿರವೇ ಓಡಾಡುತ್ತಿದ್ದರೆ, ಆ ಒಂದು ಕಾರಣಕ್ಕೆ 5 ಸ್ಟಾರ್ ಲೆಕ್ಕ ಬದಲಾಗಬಹುದು. ಕಳೆದ ವರ್ಷದ ಏಪ್ರಿಲ್, ಮೇ ಬೆಸ್ಕಾಂ ಬಿಲ್ ತೆಗೆದು ನೋಡಿ.

ನಿಮ್ಮ ವಿಷಯದಲ್ಲಿ ನಾನು ಹೇಳುವುದು: ಮೊದಲು ವಾಟರ್ ಸರ್ವಿಸ್. ತಂಪು ಬರದಿದ್ದರೆ ನೈಟ್ರೋಜನ್ ಹಾಕಿ ಲೀಕ್ ಹುಡುಕಲು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಮಾಡಿಸಿ. ಲೀಕ್ ಜಾಯಿಂಟಿನಲ್ಲಿದ್ದರೆ ಮೊದಲನೆಯವರು, ಕಾಯಿಲ್‌ನಲ್ಲಿದ್ದರೆ ಎರಡನೆಯವರು. ಕಂಪ್ರೆಸರ್ರೇ ಹೋಗಿ ವಾರಂಟಿಯೂ ಮುಗಿದಿದ್ದರೆ ಮಾತ್ರ ಮೂರನೆಯವರು. ಆಗ ಹಳೆಯ ಎಸಿಗೆ ಎಷ್ಟು ಕಳೆಯುತ್ತೀರಿ ಅಂತ ಮೊದಲೇ ಕೇಳಿ. ಒಳಗೆ ತಾಮ್ರ ಇದೆ, ಸುಮ್ನೆ ಬಿಟ್ಟುಕೊಡಬೇಡಿ.